ತಲೆಕೆಳಗಾದ ಲೇಕ್ ಗಾರ್ಡನ್ಸ್

ಫೋಟೋ ತೆಗೆಯುವ ಹುಚ್ಚು ಇರುವ ಗಂಡಸು ಮನೆಗೆ ಅತ್ತೆ ಬಂದಿರುವಾಗ ಆ ಹುಚ್ಚನ್ನು ಬೀಗ ಹಾಕಿ ಇಡಬೇಕು. ನನಗೆ ಅದು ಗೊತ್ತಿತ್ತು. ಆದರೆ ಕಲ್ಕತ್ತೆಯ ಸಾಲ್ಟ್ ಲೇಕಿನಲ್ಲಿದ್ದ ನಮ್ಮ ಆಫೀಸಿಗೆ ಆಗಷ್ಟೇ ಇಂಟರ್ನೆಟ್ ಬಂದಿತ್ತು. ಪಕ್ಕದ ಗಾಜಿನ ಕಟ್ಟಡದ ಸಾಫ್ಟ್‌ವೇರ್ ಹುಡುಗರು ಟೀ ಅಂಗಡಿಯಲ್ಲಿ ಬೆಂಕಿಪೊಟ್ಟಣದಷ್ಟೇ ಇರುವ ಡಿಜಿಟಲ್ ಕ್ಯಾಮೆರಾ ಹಿಡಿದು ಮಣ್ಣಿನ ಕುಡಿಕೆಯ ಚಹಾವನ್ನೂ ಬಿಡದೆ ಕ್ಲಿಕ್ಕಿಸುತ್ತಿದ್ದರು. ನನ್ನ ಹಳೇ ಫಿಲ್ಮ್ ಕ್ಯಾಮೆರಾ ನೋಡಿ ಅವರಲ್ಲೊಬ್ಬ, "ಅಂಕಲ್, ಇದಕ್ಕೆ ಇನ್ನೂ ರೀಲು ಸಿಗತ್ತಾ?" ಎಂದು ಬಹಳ ಮರುಕದಿಂದ ಕೇಳಿದ್ದ. ಆ ಮರುಕ ನನ್ನನ್ನು ಕೆಣಕಿತ್ತು. ಹಾಗಿರುವಾಗ, ಮಧ್ಯಾಹ್ನದ ಬಿಡುವಿನಲ್ಲಿ ದೇಶವಿದೇಶದ ಫೋಟೋಗಳನ್ನು ನೋಡುತ್ತಾ ಕೂತವನಿಗೆ ಒಂದು ಚಿತ್ರ ಕಂಡಿತು. ಯಾವುದೋ ಪರದೇಶದ ಮಲಗುವ ಕೋಣೆ. ಅದರ ಗೋಡೆಯ ತುಂಬ, ಹಾಸಿಗೆಯ ಮೇಲೆಲ್ಲ, ಹೊರಗಿನ ಊರು ತಲೆಕೆಳಗಾಗಿ ನಿಂತಿದೆ! ಗೋಪುರಗಳು ಬಾವಲಿಗಳ ಹಾಗೆ ಸೂರಿನಿಂದ ನೇತಾಡುತ್ತಿವೆ! ಕಂಪ್ಯೂಟರಿನ ಕರಾಮತ್ತಲ್ಲವಂತೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ನಡುವೆ ಒಂದು ಸಣ್ಣ ತೂತು ಕೊರೆದರೆ, ಬೆಳಕು ತಾನೇ ಒಳಗೆ ಬಂದು ಎದುರು ಗೋಡೆಯ ಮೇಲೆ ಹೊರಗಿನದನ್ನೆಲ್ಲ ಬರೆಯುತ್ತದಂತೆ. ಕೋಣೆಯೇ ಕ್ಯಾಮೆರಾ. ಅದರೊಳಗೆ ಇನ್ನೊಂದು ಕ್ಯಾಮೆರಾ ಇಟ್ಟು, ಅರ್ಧ ದಿನ ಶಟರ್ ತೆರೆದಿಟ್ಟರೆ ಫೋಟೋ ಸಿದ್ಧ. ಆ ದಿನ ನಾನು ಬಸ್ಸಿನಲ್ಲಿ ಮನೆಗೆ ಬರಲಿಲ್ಲ, ಹಾರಿ ಬಂದೆ ಎಂದೇ ಹೇಳಬೇಕು.

ಲೇಕ್ ಗಾರ್ಡನ್ಸಿನಲ್ಲಿ ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ರೈಲು ಹಳಿ, ಸ್ಟೇಷನ್ನು, ತೆಂಗಿನ ಮರ, ಚಹಾದಂಗಡಿ ಎಲ್ಲವೂ ಕಾಣುವ ಕಿಟಕಿ ಇದ್ದದ್ದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ನಮ್ಮ ಅತ್ತೆ ಇದ್ದರು.

ಅತ್ತೆ ಧಾರವಾಡದವರು. ಮಗಳ ಮದುವೆಯಾದ ಮೇಲೆ ಅವರು ಕಲ್ಕತ್ತೆಗೆ ಬಂದದ್ದು ಇದೇ ಮೊದಲು. ಮಂಡಿನೋವು, ಲಿಫ್ಟ್ ಇಲ್ಲ. ಬಂದ ದಿನ ಮೆಟ್ಟಿಲು ಹತ್ತಿದವರು ಮತ್ತೆ ಇಳಿದಿರಲಿಲ್ಲ. ಚಳಿಗಾಲ ಪೂರ್ತಿ ಅವ್ವನನ್ನು ಇಟ್ಟುಕೊಳ್ಳಬೇಕೆಂದು ನನ್ನ ಹೆಂಡತಿ ಸುಮಿತ್ರಾ ಎಷ್ಟೋ ವರ್ಷದಿಂದ ಆಸೆಪಟ್ಟಿದ್ದಳು. ಆದರೆ ಅತ್ತೆ ಎರಡನೇ ವಾರಕ್ಕೇ ನನ್ನನ್ನು ಕರೆದು, "ಅಳಿಯಂದ್ರ, ನನ್ನ ಗಾಡಿ ಹತ್ತಿಸಿ ಬಿಡ್ರಿ. ಇಲ್ಲಿ ಗುಬ್ಬಿ ಸೈತ ಬೆಂಗಾಲಿ ಮಾತಾಡ್ತೈತಿ," ಎಂದಿದ್ದರು. ಸುಮಿತ್ರಾ ಅಡುಗೆಮನೆಯಲ್ಲಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಇಂಥ ಹೊತ್ತಿನಲ್ಲಿ ನಾನು ಕಪ್ಪು ಕಾಗದದ ಸುರುಳಿ ಹಿಡಿದು ಒಳಗೆ ಬಂದೆ.

"ಅವ್ವನ ಖೋಲಿಗೆ ಕತ್ತಲಿ ಮಾಡ್ತೀರೇನು? ಮೊದಲ ಹೊಂಡ್ತೀನಿ ಅಂತ ಕುಂತಾಳ!" ಎಂದು ಸುಮಿತ್ರಾ ಸಿಡಿದಳು. ಒಂದೇ ಭಾನುವಾರ, ಮಧ್ಯಾಹ್ನದವರೆಗೆ ಮಾತ್ರ ಎಂದು ನಾನು ಕೈಮುಗಿದೆ. "ಅವ್ವ ಇದಕ್ಕ ಮುನಿಸಿಕೊಂಡು ಹೋದ್ಲಂದ್ರ, ಆ ಕ್ಯಾಮೆರಾನ ಸಂಗಾತಿ ಮಾಡಿಕೊಂಡು ಇರ್ರಿ," ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಕಾಳೀಪೂಜೆ ಕಳೆದು ಬಿಸಿಲು ತೊಳೆದಿಟ್ಟ ಹಾಗಿತ್ತು. ಬೆಳಿಗ್ಗೆಯೇ ಕಾಗದ ಅಂಟಿಸಿದೆ, ತೂತು ಕೊರೆದೆ, ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಗೋಡೆಗೆ ಮುಖಮಾಡಿ ಕೂರಿಸಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಗೋಡೆಯ ಬುಡದಲ್ಲಿ ನೀಲಿ ಆಕಾಶ ಮೂಡಿತು. ತೆಂಗಿನ ಮರಗಳು ಗರಿ ಕೆಳಗೆ ಮಾಡಿ ಜೋತುಬಿದ್ದವು. ಆಮೇಲೆ, ಸೂರಿನ ಅಂಚಿನಲ್ಲಿ ಒಂದು ಲೋಕಲ್ ಟ್ರೇನು ಚಕ್ರ ಮೇಲೆ ಮಾಡಿಕೊಂಡು ಸದ್ದಿಲ್ಲದೆ ತೆವಳಿ ಹೋಯಿತು! ನಾನು ಕೂಗಿಕೊಳ್ಳುವುದೊಂದು ಬಾಕಿ. ಶಟರ್ ತೆರೆದು, ಹೊರಗೆ ಬಂದು ಬಾಗಿಲೆಳೆದು ಪರದೆ ಬಿಟ್ಟು ಕಾವಲು ನಿಂತೆ.

ಆ ಕಾವಲುಗಾರನನ್ನೇ, ಅಂದರೆ ನನ್ನನ್ನೇ, ಹೆಂಡತಿ ಹಾಲು ತರಲು ಕಳಿಸಿದಳು. ವಾಪಸು ಬಂದಾಗ ಅತ್ತೆ ಹೊರಕೋಣೆಯಲ್ಲಿರಲಿಲ್ಲ. ವಿಭೂತಿ ಡಬ್ಬಿ ಬೇಕೆಂದು ಕೋಣೆಯೊಳಗೆ ಹೋದವರು ಹೊರಬಂದಿರಲೇ ಇಲ್ಲ. ಅಷ್ಟರಲ್ಲಿ ಒಳಗಿನಿಂದ, "ಅಯ್ಯ ಶಿವನ!" ಎಂಬ ಕೂಗು. ಬಿದ್ದರೇ ಎಂದು ನಾವಿಬ್ಬರೂ ನುಗ್ಗಿದೆವು. ಅತ್ತೆ ಮಂಚದ ತುದಿಯಲ್ಲಿ, ಸರಿಯಾಗಿ ಕ್ಯಾಮೆರಾದ ಮುಂದೆ, ಗೋಡೆ ನೋಡುತ್ತಾ ಕೂತಿದ್ದರು.

"ಬಾಗಲಾ ಹಾಕ್ರಿ, ಬೆಳಕು ಬರ್ತೈತಿ! ಎಲ್ಲಾರೂ ತಲಿ ಕೆಳಗ ಮಾಡಿ ಹೊಂಟಾರ, ಒಬ್ಬರ ಕಾಲಾಗಿನ ಚಪ್ಪಲಿನೂ ಬೀಳವಲ್ದು!"

ನನ್ನ ಫೋಟೋ ಹಾಳಾಯಿತೆಂದು ನಾನು ಹಣೆ ಹಿಡಿದುಕೊಂಡೆ. ಆದರೆ ಅತ್ತೆಯ ದನಿಯಲ್ಲಿ ಅಂಥ ಕುತೂಹಲವನ್ನು ನಾನು ಕಲ್ಕತ್ತೆಯಲ್ಲಿ ಕೇಳಿಯೇ ಇರಲಿಲ್ಲ. ಎದ್ದೇಳಿ ಎನ್ನಲು ಬಾಯಿ ಬರಲಿಲ್ಲ. ಸುಮಿತ್ರಾ ಪಕ್ಕದಲ್ಲಿ ಕೂತಳು. ನಮ್ಮ ಮಗಳು ಪಿಂಕಿ ಬಂದಳು, "ಓ ಮೈ ಗಾಡ್, ಅಜ್ಜಿ, ಚಾ-ವಾಲಾ ನೋಡಿ, ಟೀ ಮೇಲಕ್ಕೆ ಪೋರ್ ಮಾಡ್ತಿದಾನೆ!" ಎಂದು ಕುಣಿದಳು. ಕೆಳಗಿನ ಮಹಡಿಯ ಘೋಷ್ ಬಾಬು ಗದ್ದಲ ಕೇಳಿ ಬಂದು, ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತು, "ಫಾಟಾಫಾಟಿ, ದಾದಾ, ಫಾಟಾಫಾಟಿ!" ಎಂದು ಬೆಂಗಾಲಿಯಲ್ಲಿ ಭಲೇ ಹೇಳಿ ನನ್ನ ಬೆನ್ನಿಗೆ ಬಾರಿಸಿದರು. ನಾನಂತೂ ತೂತು ನೋಡಲು, ಪರದೆ ಸರಿಮಾಡಲು, ಕ್ಯಾಮೆರಾ ಅಲುಗಿತೇ ಎಂದು ಬಗ್ಗಲು ಒಳಗೂ ಹೊರಗೂ ಓಡಾಡುತ್ತಲೇ ಇದ್ದೆ.

"ಅಜ್ಜಿ, ಕಿಟಕಿ ಓಪನ್ ಮಾಡಿದ್ರೆ ಇದೇ ಸೀದಾ ಕಾಣತ್ತಲ್ಲ?" ಎಂದಳು ಪಿಂಕಿ.

"ಕಿಟಕ್ಯಾಗ ನಿಂತ್ರ ಬಾಜೂ ಮನಿಯವರು ಬೆಂಗಾಲ್ಯಾಗ ಏನೋ ಕೇಳ್ತಾರವ್ವಾ. ನನಗ ತಿಳಿಯಂಗಿಲ್ಲ, ನಾಚಿಕಿ ಬರ್ತೈತಿ. ಇಲ್ಲಿ ಯಾರೂ ಏನೂ ಕೇಳಂಗಿಲ್ಲ," ಎಂದರು ಅತ್ತೆ, ಗೋಡೆಯಿಂದ ಕಣ್ಣು ತೆಗೆಯದೆ. ಸುಮಿತ್ರಾ ಅವ್ವನ ಕೈ ಹಿಡಿದುಕೊಂಡಳು.

ಊಟದ ಹೊತ್ತಿಗೆ ಆಸೆ ಬಿಟ್ಟೇ ಶಟರ್ ಮುಚ್ಚಿದೆ. ಸಂಜೆ ಕಾಗದ ಕೀಳಲು ಹೋದರೆ ಅತ್ತೆ, "ಇರಲಿ ಬಿಡ್ರಿ, ಗೋಡಿ ಮ್ಯಾಲೆ ಹೋದಳಲ್ಲ ಆ ಹಸಿರು ಸೀರಿಯಾಕಿ, ನಾಳೆ ಬರ್ತಾಳೋ ಇಲ್ಲೋ ನೋಡಬೇಕು," ಎಂದರು. ಗಾಡಿ ಹತ್ತಿಸುವ ಮಾತು ಮತ್ತೆ ಬರಲಿಲ್ಲ. ಚಳಿಗಾಲ ಪೂರ್ತಿ ಉಳಿದರು. ಹಸಿರು ಸೀರೆಯಾಕೆಯ ಹೆಸರು ಕೇಳಿಕೊಂಡು ಬರಲು ಪಿಂಕಿಯನ್ನು ಓಡಿಸಿದರು. ಕೊನೆಗೆ ಆಕೆಯೇ ಮೂರು ಮಹಡಿ ಹತ್ತಿ ಬಂದು, ತಾನು ದಿನವೂ ಉಲ್ಟಾ ನಡೆಯುವ ಗೋಡೆಯನ್ನು ನೋಡಿ ಹೋದಳು.

ಆ ವಾರವೇ ರೀಲನ್ನು ಎಸ್ಪ್ಲನೇಡಿನ ಸ್ಟುಡಿಯೋದಲ್ಲಿ ತೊಳೆಸಿದೆ. ಏನೂ ಬಂದಿರಲಾರದು ಎಂದುಕೊಂಡೇ ಕವರು ತೆರೆದರೆ, ಬಂದಿದೆ! ತೆಂಗಿನ ಮರ, ಸ್ಟೇಷನ್ನು, ಆಕಾಶ ಎಲ್ಲವೂ ತಲೆಕೆಳಗಾಗಿ ನಿಂತಿವೆ. ಟ್ರೇನುಗಳಿಲ್ಲ, ಜನರಿಲ್ಲ. ಸುಮಿತ್ರಾ ಇರಬೇಕಾದಲ್ಲಿ ಒಂದಿಷ್ಟು ಮಂಜು. ನಡುವೆ ಅತ್ತೆ ಮಾತ್ರ, ಬಿಳಿಕೂದಲು, ಬಿಳಿಸೀರೆ, ಬೆನ್ನ ಮೇಲೆ ಒಂದು ತುಂಡು ನೀಲಿ ಆಕಾಶ. ನಾನು ಮೆಟ್ರೋದಲ್ಲಿ ಪಕ್ಕದವರಿಗೂ ತೋರಿಸಿದೆ.

ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿ, "ನೀವೆಲ್ಲಿ ಅಳಿಯಂದ್ರ? ಅಷ್ಟು ಓಡಾಡಿದ್ರಿ," ಎಂದರು. ಅಲುಗದೆ ಇದ್ದದ್ದು ಮಾತ್ರ ಫಿಲ್ಮಿನಲ್ಲಿ ನಿಲ್ಲುತ್ತದೆ, ಓಡಾಡಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ವಿವರಿಸಿದೆ. "ಹಂಗಾದ್ರ ಈ ಸಲ ಒಂದು ಕಡೆ ಕುಂದರ್ರಿ," ಎಂದರು.

ಮುಂದಿನ ಭಾನುವಾರ ಹೊಸ ರೀಲು ಹಾಕಿ, ಶಟರ್ ತೆರೆದು, ಅತ್ತೆಯ ಪಕ್ಕದಲ್ಲಿ ಕಲ್ಲಿನ ಹಾಗೆ ಕೂತೆ. ಒಂದು ಟ್ರೇನು ಹೋಯಿತು. ಇನ್ನೊಂದು ಹೋಯಿತು. ಶಟರ್ ನಿಜವಾಗಿ ತೆರೆದಿದೆಯೇ ಎಂಬ ಅನುಮಾನ ಶುರುವಾಯಿತು. ತಡೆದುಕೊಂಡೆ. ಆಗಲಿಲ್ಲ. ಮೆಲ್ಲಗೆ ಎದ್ದೆ.

ಅತ್ತೆ ಗೋಡೆಯಿಂದ ಕಣ್ಣು ಕೀಳದೆ ಮಗಳಿಗೆ ಕೂಗಿ ಹೇಳಿದರು: "ಸುಮಿತ್ರಾ, ಅಳಿಯಂದ್ರು ಅಳಿಸಿ ಹ್ವಾದ್ರು ನೋಡು!"