ಕೌಂಟರ್ ಕುರ್ಚಿಗೆ ಜಾತಕ ಪರೀಕ್ಷೆ

ಪರರ ಮನೆಯೊಳಗೆ ಇಣುಕಬಾರದು ಎಂದು ಅಮ್ಮ ಹೇಳಿಕೊಟ್ಟಿದ್ದಳು. ಈಗ ಅದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ಬಲ್ಮಠದ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಎದುರಿನ ಕೌಂಟರ್ ಖಾಲಿಯಾಗಿತ್ತು. "ಜನ ಸಿಗುವವರೆಗೆ ಅಲ್ಲಿ ನೀವೇ ಕೂತುಕೊಳ್ಳಿ. ರಜೆಗಿಜೆ ಕೇಳಬೇಡಿ" ಎಂದರು ಬಾಸ್. ಅರ್ಜಿ ಹಾಕಿದವರ ಸೋಶಿಯಲ್ ಮೀಡಿಯಾ ಜಾಲಾಡಿ ಗುಣನಡತೆ ವರದಿ ಮಾಡುವುದೂ ನನ್ನ ತಲೆಗೇ ಬಂತು. ನಿಜ ಹೇಳುತ್ತೇನೆ, ಅದು ಮಾತ್ರ ನನಗೆ ಬಹಳ ಇಷ್ಟವಾಯಿತು.

ಎಡದಿಂದ ಮೂರನೆಯದು

ಮೊದಲು ಬಂದವನು ಕುದ್ರೋಳಿಯ ಒಬ್ಬ ತರುಣ. ಅವನ ಖಾತೆ ತುಂಬ ಹುಲಿವೇಷದ ಫೋಟೊ. ಮೈಯೆಲ್ಲ ಬಣ್ಣ, ಮುಖಕ್ಕೆ ಮುಖವಾಡ.

"ಮನುಷ್ಯ ಹೇಗೆ?" ಎಂದರು ಬಾಸ್.

"ಮನುಷ್ಯ ಕಾಣ್ತಾ ಇಲ್ಲ ಸರ್. ಪಟ್ಟೆ ಒಳ್ಳೆದುಂಟು."

ಇಂಟರ್‌ವ್ಯೂನಲ್ಲಿ ಅವನನ್ನೇ ಕೇಳಿದೆವು. "ಎಡದಿಂದ ಮೂರನೇ ಹುಲಿ ನಾನು ಸರ್. ಮಣಭಾರದ ಅಕ್ಕಿಮುಡಿ ಹಲ್ಲಿನಲ್ಲಿ ಕಚ್ಚಿ ಎತ್ತಿದ್ದೇನೆ" ಎಂದ. ಬಾಸ್ ಮೆಚ್ಚಿ ತಲೆದೂಗಿದರು. ಅಷ್ಟರಲ್ಲಿ ಅವನು, "ಆದರೆ ನವರಾತ್ರಿಗೆ ಹತ್ತು ದಿವಸ ರಜೆ ಬೇಕು" ಎಂದುಬಿಟ್ಟ.

"ಇಲ್ಲಿ ಮನುಷ್ಯರಿಗೇ ರಜೆ ಇಲ್ಲ ಮಾರಾಯ, ಹುಲಿಗೆ ಎಲ್ಲಿಂದ ಕೊಡುದು?" ಎಂದರು ಬಾಸ್.

ಮಗಳ ಬೀಗ

ಎರಡನೆಯವಳು ಜಾಣೆ, ಖಾತೆಗೆ ಬೀಗ ಹಾಕಿಟ್ಟಿದ್ದಳು. ನನ್ನ ಕುತೂಹಲ ಸುಮ್ಮನಿರಬೇಕಲ್ಲ! ಹುಡುಕುತ್ತಾ ಹೋದರೆ ಅವಳ ಅಮ್ಮನ ಖಾತೆ ಸಿಕ್ಕಿತು. ಅದು ಬಾಗಿಲೇ ಇಲ್ಲದ ಮನೆ. ಮಗಳ ಮೊದಲ ಹಲ್ಲಿನಿಂದ ಹಿಡಿದು ಎಲ್ಲವೂ ಅಲ್ಲಿತ್ತು. ಎಲ್ಲಕ್ಕಿಂತ ಮೇಲೆ ಹೊಸದೊಂದು: "ನಾಳೆ ಹತ್ತು ಗಂಟೆಗೆ ಮಗಳಿಗೆ ಇಂಟರ್‌ವ್ಯೂ ಉಂಟು, ಪ್ರಾರ್ಥಿಸಿ. ಬೇಗ ಏಳುವುದೊಂದು ಅವಳಿಂದ ಆಗುವುದಿಲ್ಲ."

ಮರುದಿನ ಅವಳು ಬಂದದ್ದು ಹನ್ನೊಂದೂವರೆಗೆ. ಅಮ್ಮನ ಆ ಬರಹದ ಕೆಳಗೆ ಅಷ್ಟು ಜನ ಆಮೆನ್ ಎಂದಿದ್ದರು, ಒಬ್ಬರಾದರೂ ಎಬ್ಬಿಸಬಾರದಿತ್ತೇ?

ಅವಳೂ ನೋಡಿದ್ದಳು

ಮೂರನೆಯವಳು ಪಣಂಬೂರಿನವಳು. ಖಾತೆಯಲ್ಲಿ ಬರೀ ಬೆಕ್ಕಿನ ಫೋಟೊ. ಇವಳಾದರೂ ಆಗಲಪ್ಪಾ ಎಂದು ಬೇಡಿಕೊಂಡು ಒಳಗೆ ಕರೆದೆ.

"ನಮ್ಮ ಆಫೀಸಿನ ಬಗ್ಗೆ ಎಂತ ಗೊತ್ತುಂಟು?" ಎಂದರು ಬಾಸ್.

"ಎಲ್ಲ ನೋಡಿಕೊಂಡೇ ಬಂದಿದ್ದೇನೆ ಸರ್. ಇಲ್ಲಿ ಸ್ಟಾಫ್ ಖುಷಿಯಲ್ಲಿದ್ದಾರೆ. ಶನಿವಾರ ಈ ಮೇಡಂ ಅವರ ತಂಗಿಯ ಮಗಳ ರೋಸ್ ಇತ್ತಲ್ಲ, ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುದು. ಮೇಡಂ ಎಂಥ ಡ್ಯಾನ್ಸ್! ಯಾರೋ ವಿಡಿಯೊ ಹಾಕಿದ್ದಾರೆ."

ಶನಿವಾರ ನಾನು ವಿಪರೀತ ಜ್ವರ, ಮನೆಯಲ್ಲೇ ಮಲಗಿದ್ದೇನೆ ಎಂದು ಬಾಸ್‌ಗೆ ಮೆಸೇಜ್ ಕಳಿಸಿದವಳು.

ಬಾಸ್ ನನ್ನ ಕಡೆ ತಿರುಗಿದರು. "ಜ್ವರ ಬಂದವರು ಹಾಗೆ ಕುಣೀತಾರಾ?"

ಅವಳು ನನ್ನ ಮುಖ ನೋಡಿದಳು, ಬಾಸ್ ಮುಖ ನೋಡಿದಳು. ಅರೆಕ್ಷಣವೂ ತಡವರಿಸಲಿಲ್ಲ.

"ಪಾಪ ಸರ್, ವಿಡಿಯೊದಲ್ಲೇ ಗೊತ್ತಾಗ್ತದೆ. ಅದು ಡ್ಯಾನ್ಸ್ ಅಂತ ನಾನು ತಪ್ಪು ತಿಳಿದದ್ದು. ಚಳಿಗೆ ನಡುಗಿದ್ದು."

ಬಾಸ್ ಅವಳ ಅರ್ಜಿಗೆ ಅಲ್ಲೇ ಸಹಿ ಹಾಕಿದರು. "ಸೋಮವಾರ ಬನ್ನಿ. ಕೌಂಟರಿಗೆ ಇಂಥವರೇ ಬೇಕಾದದ್ದು" ಎಂದು ನನ್ನತ್ತ ನೋಡಿದರು. "ನೀವು ಸೋಮವಾರದಿಂದಲೇ ರಜೆ ಮಾಡಿ ಮಾರಾಯ್ರೆ. ಆ ನಡುಕ ಪೂರ್ತಿ ಹೋದ ಮೇಲೆ ಬನ್ನಿ."