ಮಾವ ಕಾರಿಗೆ ನೀರು ಸುರಿದದ್ದು

ನಮ್ಮ ಸೋದರಮಾವ ಪರೀಕ್ಷೆ ಮಾಡದೆ ಮನೆಗೆ ತಂದದ್ದು ಜೀವನದಲ್ಲಿ ಒಂದೇ ಒಂದು: ನಮ್ಮ ಅತ್ತೆಯನ್ನು! ಅದಕ್ಕೂ ಅವರ ಸಮಜಾಯಿಷಿ ಸಿದ್ಧವಾಗಿತ್ತು. "ಸೊರಬಕ್ಕೆ ಹೆಣ್ಣು ನೋಡಾಕೆ ಹೋದಾಗ ನಾನು ತಲೆ ಎತ್ತಿದ್ರೆ ತಾನೆ? ಪರೀಕ್ಷೆ ಮಾಡಿದ್ದು ಅವಳು, ಪಾಸಾಗಿದ್ದು ನಾನು!"

ಉಳಿದ ಯಾವುದಕ್ಕೂ ಈ ರಿಯಾಯಿತಿ ಇರಲಿಲ್ಲ. ಶಿಕಾರಿಪುರದ ಪೇಟೆಯಲ್ಲಿ ಕೊಡೆ ಕೊಳ್ಳುವಾಗ ಅಂಗಡಿಯೊಳಗೇ ಅದನ್ನು ಬಿಚ್ಚಿ ಹಿಡಿದು, ಮೇಲೆ ಒಂದು ಬಿಂದಿಗೆ ನೀರು ಸುರಿಸಿಕೊಂಡರು. ಕೊಡೆ ಸೋರಲಿಲ್ಲ, ಅಂಗಡಿಯವನ ಬಟ್ಟೆಗಳೆಲ್ಲ ನೆನೆದವು. ದಿಂಬು ಕೊಳ್ಳಲು ಹೋದವರು ಅಲ್ಲೇ ತಲೆಯಿಟ್ಟು ಗೊರಕೆ ಹೊಡೆದರು. ಬಾಗಿಲು ಹಾಕುವ ಹೊತ್ತಿಗೆ ಎಬ್ಬಿಸಿದರೆ, "ಒಳ್ಳೇ ಕನಸು ಬೀಳಲಿಲ್ಲ, ಬ್ಯಾಡ" ಎಂದು ಎದ್ದು ಬಂದರು. ಇಂಥವರು ಹಳೆಯ ಕಾರು ಕೊಳ್ಳಲು ಹೊರಟರೆ ಹೇಗಿದ್ದೀತು, ನೀವೇ ಹೇಳಿ!

ಹೊರಡುವುದಕ್ಕೆ ಕಾರಣವೂ ಇತ್ತು. ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಅಂದಿನಿಂದ ಕೋಲಿಲ್ಲದೆ ನಡೆಯಲಾರರು. ಅವರನ್ನು ಸಾಕಿ ಬೆಳೆಸಿದ ಅಕ್ಕ ಸೊರಬದಲ್ಲಿದ್ದರು. ಎತ್ತಿನ ಗಾಡಿಯ ಕುಲುಕಾಟ ಸೊಂಟಕ್ಕೆ ಆಗದು, ಬಸ್ಸಿನ ಮೆಟ್ಟಿಲಿಗೆ ಕಾಲು ಏರದು. ಒಮ್ಮೆ ಕಂಡಕ್ಟರೂ ಕ್ಲೀನರೂ ಸೇರಿ ಎತ್ತಿ ಒಳಗೆ ಕೂರಿಸಿದ್ದಕ್ಕೆ ಅತ್ತೆ ಕೆಂಡವಾದರು. "ನಾನೇನು ಅಕ್ಕಿ ಮೂಟೆಯೇನ್ರೀ? ನನ್ನ ಕಾಲಲ್ಲಿ ನಾನೇ ಹತ್ತಿ ಇಳಿಯೋ ಹಾಗಿದ್ರೆ ಅಕ್ಕನ ಮನೆ. ಇಲ್ಲಾಂದ್ರೆ ಬೇಡ." ಆಮೇಲೆ ಹಬ್ಬಗಳು ಬಂದವು, ಹೋದವು. ಅತ್ತೆ ಸೊರಬದ ಹೆಸರನ್ನೇ ಎತ್ತಲಿಲ್ಲ. ಹೆಸರೆತ್ತದೆ ಇರುವುದೇ ಮಾವನಿಗೆ ತಡೆಯಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಸೊರಬದ ವೃದ್ಧ ಡಾಕ್ಟರೊಬ್ಬರು ಕಾರು ಮಾರುತ್ತಾರೆಂಬ ಸುದ್ದಿ ಬಂತು. ಬಾಗಿಲು ತಗ್ಗು, ಮಕ್ಕಳೂ ಹತ್ತಬಹುದಂತೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು ಸುಮ್ಮನಿರುತ್ತಾರೆಯೇ? "ಮೇಲೆ ಹೊಸಾ ಬಣ್ಣ, ಒಳಗೆಲ್ಲ ತುಕ್ಕಂತೆ!" ಮಾವ ಪಾಲುದಾರರಾಗಿದ್ದ ಅಕ್ಕಿ ಗಿರಣಿಯ ಲಾರಿ ಓಡಿಸಿ ಅವರಿಗೆ ಅಭ್ಯಾಸವಿತ್ತು, ಇಂಜಿನ್ನಿನ ಅಂಜಿಕೆ ಇರಲಿಲ್ಲ. ತುಕ್ಕಿನ ಮಾತು ಮಾತ್ರ ತಲೆ ಕೊರೆಯತೊಡಗಿತು. ಪರೀಕ್ಷೆಗೆ ಸಾಕ್ಷಿಯಾಗಿ ನನ್ನನ್ನೂ ಎಳೆದುಕೊಂಡು ಹೊರಟರು.

ಡಾಕ್ಟರ ಅಂಗಳದಲ್ಲಿ ಕಾರು ಮಿರಿಮಿರಿ ಮಿಂಚುತ್ತಿತ್ತು. ಮಾವ ಎತ್ತು ಕೊಳ್ಳಲು ಬಂದವರಂತೆ ಸುತ್ತ ಎರಡು ಸುತ್ತು ಹಾಕಿ, ಬೆನ್ನು ಸವರಿದರು. ಹಲ್ಲು ಎಣಿಸಲಿಲ್ಲ ಅನ್ನುವುದೇ ನನ್ನ ಪುಣ್ಯ! ಆಮೇಲೆ ಮಡಕೆ ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಕಾರಿನ ಉದ್ದಕ್ಕೂ ಟಕಟಕ ಬಡಿಯುತ್ತಾ, ಕಿವಿಗೊಟ್ಟು ಕೇಳತೊಡಗಿದರು.

ಡಾಕ್ಟರು ಹೊರಗೆ ಬಂದರು. "ಎಂತ ಮಾರಾಯ್ರೆ, ಎದೆ ಬಡಿದು ನೋಡೋದು ನನ್ನ ಕಸುಬಲ್ವಾ?"

"ನೀವು ಮನುಷ್ಯರದ್ದು ನೋಡ್ರಿ, ಇದರ ಕಫ ನಾನು ನೋಡ್ತೀನಿ."

ಕಫ ತಿಳಿಯಲಿಲ್ಲ. ಹಾಗಾಗಿ ಬಾವಿಯಿಂದ ನೀರು ಬಂತು. ಡಾಕ್ಟರು "ಅಯ್ಯೋ, ಸೀಟು!" ಎಂದು ಕೂಗುತ್ತಿದ್ದರೂ ಮಾವ ಕೇಳಲಿಲ್ಲ. ತಾವು ಕಾರಿನ ಕೆಳಗೆ ಅಂಗಾತ ಮಲಗಿ, "ಸುರಿಯೋ ಹಿಂದ್ಗಡೆ!" ಎಂದು ನನಗೆ ಅಪ್ಪಣೆ ಕೊಟ್ಟರು. ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗಕ್ಕೆ ಒಂದು ಕೊಡ ಸುರಿದೆ. ನೀರು ಕೆರೆಯಾಗಿ ನಿಂತಿತು. ಕೆಳಗೆ ಒಂದು ಹನಿ ಇಳಿಯಲಿಲ್ಲ. "ಭೇಷ್!" ಎಂದಿತು ಕಾರಿನಡಿಯ ದನಿ. "ಈಗ ಡ್ರೈವರ್ ಕಡೆ!" ಅಲ್ಲೂ ಒಂದು ಕೊಡ ಸುರಿದೆ. ಅಷ್ಟೂ ನೀರು ದಬದಬನೆ ಇಳಿದು ಮಾವನ ಮುಖಕ್ಕೇ ಅಭಿಷೇಕವಾಯಿತು.

"ಇಲ್ಲೈತಲೇ ತುಕ್ಕು!"

ವ್ಯಾಪಾರ ಮುರಿಯಿತೆಂದು ಡಾಕ್ಟರ ಮುಖ ಬಾಡಿತು. ಮಾವ ತೊಯ್ದ ಬಟ್ಟೆಯಲ್ಲೇ ಎದ್ದು ಬಂದು, ಹೆಗಲ ಮೇಲಿನ ವಲ್ಲಿಯನ್ನು ಡಾಕ್ಟರ ಕೈಮೇಲೆ ಹೊದಿಸಿ, ಅದರಡಿಯಲ್ಲಿ ಅವರ ಬೆರಳು ಹಿಡಿದರು. ದನದ ಸಂತೆಯಲ್ಲಿ ದರ ಹೇಳುವುದು ಹಾಗೆ ತಾನೆ? ಡಾಕ್ಟರು ಬೆಚ್ಚಿದರು. "ನೆನೆದದ್ದು ನೀವು, ನಾಡಿ ನೋಡೋದು ನನ್ನದಾ?"

"ನಾಡಿ ಅಲ್ಲ ಸ್ವಾಮಿ, ವ್ಯಾಪಾರ!"

ನನಗೆ ನಂಬಲಾಗಲಿಲ್ಲ. ಕನಸು ಬೀಳಲಿಲ್ಲವೆಂದು ದಿಂಬು ಬಿಟ್ಟು ಬಂದ ಮನುಷ್ಯ ತೂತು ಬಿದ್ದ ಕಾರು ಕೊಳ್ಳುವುದೇ! ದಾರಿಯಲ್ಲಿ ಕೇಳಿಯೇಬಿಟ್ಟೆ. "ಮಾವ, ತೂತು ಕಂಡೂ ತಗೊಂಡ್ರಲ್ಲ?"

"ಎಲ್ಲೈತೆ ತೂತು?"

"ಡ್ರೈವರ್ ಕಡೆ."

"ಅಲ್ಲಿ ಕೂರೋನು ನಾನು. ಅವಳು ಕೂರೋ ಕಡೆ ಗಟ್ಟಿ ಐತಿಲ್ಲೋ?"

ತೂತಿಗೆ ಒಂದು ಗೋಣಿಚೀಲ ಹಾಸಿ, ಶ್ರಾವಣದಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಊರು ದಾಟುವುದರೊಳಗೇ ಚೀಲ ತೂತಿನಿಂದ ಜಾರಿ ರಸ್ತೆಯ ಪಾಲಾಯಿತು. ಆಮೇಲೆ ಸಿಕ್ಕ ಹೊಂಡಗಳೆಲ್ಲ ಮಾವನಿಗೆ ಕೆಸರಿನ ಕಾಣಿಕೆ ಸಲ್ಲಿಸಿದವು.

ಸೊರಬದ ಮನೆಯ ಮುಂದೆ ಕಾರು ನಿಂತಾಗ ನಾನು ಕೈ ಕೊಡಲು ಓಡಿದೆ. ಮಾವ ಕಣ್ಣಿನಲ್ಲೇ ತಡೆದರು. ಅತ್ತೆ ಕೋಲೂರಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ನೆಲಕ್ಕಿಟ್ಟು, ತಾವೇ ಎದ್ದು ನಿಂತರು. ಅವರ ಅಕ್ಕ ಕಾಲಿಗೆ ಒಂದು ಚೊಂಬು ನೀರು ಹಿಡಿದು ಓಡಿ ಬಂದವರು ಮಾವನನ್ನು ನೋಡಿ, "ಎಂತ ಇದು? ಕಾರಲ್ಲಿ ಬಂದದ್ದೋ, ಗದ್ದೆ ಉತ್ತು ಬಂದದ್ದೋ?" ಎಂದು ನಕ್ಕರು.

ಅತ್ತೆ ತಿರುಗಿ ನೋಡಿದರು. ಗಂಡನ ಕಾಲು ಮೊಣಕಾಲಿನವರೆಗೂ ಕೆಸರು. ತಮ್ಮ ಸೀರೆಯ ಅಂಚಿನಲ್ಲಿ ಒಂದು ಕಲೆಯಿಲ್ಲ.

"ಕೊಡಕ್ಕ ಚೊಂಬು" ಎಂದವರೇ ಮತ್ತೆ ಕಾರಿನ ಬಾಗಿಲಲ್ಲಿ ಕೂತು, ಗಂಡನ ಕಾಲ ಮೇಲೆ ಮೆಲ್ಲನೆ ನೀರು ಹಾಕತೊಡಗಿದರು. "ಹೆಣ್ಣು ನೋಡೋಕೆ ಬಂದ ದಿನಾನೂ ಇದೇ ಅಂಗಳದಲ್ಲಿ ಹೀಗೇ ತಲೆ ತಗ್ಗಿಸಿ ನಿಂತಿದ್ರಿ" ಅಂದರು.

ಮಾವ ಈಗಲೂ ತಲೆ ಎತ್ತಲಿಲ್ಲ. ಕೆಸರೆಲ್ಲ ತೊಳೆದುಹೋದ ಮೇಲೂ ಅತ್ತೆ ನೀರು ಹಾಕುತ್ತಲೇ ಇದ್ದರು.