ಮೂರು ಸೀಟಿಯ ಮೇಡಂ ಅವರಿಗೆ, ನಮ್ಮ ಅವ್ವನ ಸೀರೆಯ ವಿಚಾರವಾಗಿ

ಮಾನ್ಯ ಮೇಡಂ ಅವರೇ,

ಮಿಕ್ಸಿಗೆ ಕುಪ್ಪಸ, ರಿಮೋಟಿಗೆ ಚೀಲ, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಲಂಗ ತೊಡಿಸಿ ಮುಗಿದ ಮೇಲೆ, ಚೆನ್ನೈನ ಅಡ್ಯಾರಿನ ಈ ಮನೆಯಲ್ಲಿ ಇನ್ನೂ ಬರಿಮೈಯಲ್ಲಿ ಉಳಿದಿರುವ ಏಕೈಕ ವಸ್ತುವಾದ ನಾನು, ತಮಗೆ ಭಕ್ತಿಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. "ಕುಕ್ಕರ್ ಮೂರು ಸೀಟಿ ಹಾಕುವುದರೊಳಗೆ ಉಡುಗೊರೆ ಸಿದ್ಧ" ಎಂಬ ತಮ್ಮ ವೀಡಿಯೊ ಚಾನೆಲ್ಲಿನ ಘೋಷವಾಕ್ಯವನ್ನು ನಾನು ನನ್ನ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ. ಏಕೆಂದರೆ ನನ್ನ ಹೆಂಡತಿ ಸುವರ್ಣಮ್ಮ ತಮ್ಮ ಶಿಷ್ಯೆಯಾಗಿದ್ದಷ್ಟು ದಿನ ನಮ್ಮ ಮನೆಯ ಬೇಳೆಯೂ ಮೂರೇ ಸೀಟಿಗೆ ಕೆಳಗಿಳಿಯುತ್ತಿತ್ತು, ಹಲ್ಲಿಗೆ ಸಿಗುತ್ತಿತ್ತು.

ವರ್ಷವಿಡೀ ಬೆವರುವ ಈ ಊರಿನಲ್ಲಿ ನೀರಿನ ಬಾಟಲಿಗೂ ಹತ್ತಿ ತುಂಬಿದ ಸ್ವೆಟರ್ ಬೇಕೆಂದು ಮೊದಲು ಕಂಡುಕೊಂಡವರು ತಾವು. ಮಣಲಿಯ ಕಾರ್ಖಾನೆಯೊಂದರಲ್ಲಿ ಕೊಳವೆಗಳಿಗೂ ಬಾಯ್ಲರುಗಳಿಗೂ ಶಾಖ ತಡೆಯುವ ಹೊದಿಕೆ ಹಾಕಿಸುತ್ತಲೇ ನೌಕರಿ ಮುಗಿಸಿದ ನನಗೆ ಈ ಹೊಳಹು ಒಂದು ದಿನವೂ ಬಂದಿರಲಿಲ್ಲ. ತಮ್ಮ ಪ್ರತಿಭೆಯ ಮುಂದೆ ನನ್ನ ಅನುಭವ ತಲೆತಗ್ಗಿಸಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ದೂರಿನ ವಿಷಯಕ್ಕೆ ಬರುತ್ತೇನೆ.

ನಮ್ಮದು ಗದಗಿನ ಕಡೆಯ ಮನೆತನ. ನಮ್ಮಲ್ಲಿ ಹುಟ್ಟಿದ ಕೂಸಿನ ಮೈಗೆ ಅಂಗಡಿಯ ಹೊಸ ಬಟ್ಟೆ ತಾಗಿಸುವುದಿಲ್ಲ. ಮನೆಯ ಹಿರಿಯಳೊಬ್ಬಳು ಉಟ್ಟು ಉಟ್ಟು ಮೆತ್ತಗಾದ ಸೀರೆಯನ್ನು ಪದರಪದರವಾಗಿ ಹಾಸಿ, ಸೂಜಿ ಹಿಡಿದು ಕೈಯಲ್ಲೇ ಹೊಲಿದ ಕೌದಿಯ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಚಿಟಿಕೆ ಸಕ್ಕರೆ ಇಡುವುದು ನಮ್ಮ ಮನೆಯ ಪದ್ಧತಿ; ಕೌದಿ ಹಸಿದಿದ್ದರೆ ಕೂಸು ನಿದ್ದೆ ಮಾಡುವುದಿಲ್ಲವಂತೆ. ನನ್ನ ಮಗಳು ದಾಕ್ಷಾಯಿಣಿಯ ಮೊದಲ ಕೂಸಿಗೆಂದು ನಮ್ಮ ಅವ್ವ ತನ್ನ ದಾಳಿಂಬೆ ಬಣ್ಣದ ಇಳಕಲ್ ಸೀರೆಯನ್ನು ತೆಗೆದಿಟ್ಟು, ಅದನ್ನು ನನಗೊಬ್ಬನಿಗೇ ಹೇಳಿ ತೀರಿಕೊಂಡಳು. ಕೌದಿಯ ಬಟ್ಟೆ ಎಲ್ಲಿರಬೇಕೋ ಅಲ್ಲಿಯೇ ಇಟ್ಟಿದ್ದಳು: ಹಳೆಯ ಧೋತರ, ಹರಿದ ಲಂಗಗಳ ಜೊತೆಗೆ, ಚಿಂದಿಯ ಗಂಟಿನಲ್ಲಿ. ನದಿ ಉಕ್ಕಿ ನಮ್ಮ ನೆಲಮಹಡಿಗೆ ನೀರು ನುಗ್ಗಿದ ವರ್ಷ ನಾನು ಟಿವಿಯನ್ನು ಅಲ್ಲೇ ಬಿಟ್ಟು ಆ ಗಂಟನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದ್ದೆ. ಇಡೀ ಅಡ್ಯಾರ್ ನದಿಯಿಂದ ಆಗದ ಕೆಲಸವನ್ನು ತಾವು "ಮನೆಯ ಚಿಂದಿಯೇ ನಿಮ್ಮ ಖಜಾನೆ" ಎಂಬ ಒಂದೇ ವೀಡಿಯೊದಿಂದ ಸಾಧಿಸಿದಿರಿ. ಕಳೆದ ನವರಾತ್ರಿಯಲ್ಲಿ ಗೊಂಬೆ ನೋಡಲು ಬಂದ ಹೆಂಗಸರೆಲ್ಲರೂ ಎಲೆ ಅಡಿಕೆಯ ಜೊತೆಗೆ ನಮ್ಮ ಅವ್ವನನ್ನು ಮೊಬೈಲ್ ಚೀಲಗಳಾಗಿಯೂ ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಳಾಗಿಯೂ ಹಂಚಿಕೊಂಡು ಹೋದರು.

ನಾನು ಕೂಗಾಡಿದಾಗ ಸುವರ್ಣಮ್ಮ, "ಅತ್ತಿ ಸೀರಿ ಅಂತ ಗೊತ್ತಿತ್ರೀ, ಕೂಸಿಗೆ ಇಟ್ಟದ್ದಂತ ನನಗೇನು ಕನಸು ಬಿದ್ದಿತ್ತೇನು? ಗಂಟು ತಲಿ ಮ್ಯಾಲ ಹೊತ್ಕೊಂಡು ಓಡಿದ್ರಿ, ಒಳಗ ಏನೈತಂತ ಒಂದಿನಾನರ ಬಾಯಿಬಿಟ್ರೇನು?" ಎಂದು ಕೇಳಿದಳು. ಈ ಪ್ರಶ್ನೆಯು ಪ್ರಸ್ತುತ ಪತ್ರದ ವ್ಯಾಪ್ತಿಗೆ ಬರುವುದಿಲ್ಲ. ಆಗಷ್ಟೇ ಬಸುರಿಯಾಗಿದ್ದ ದಾಕ್ಷಾಯಿಣಿ ಅರ್ಧ ತಮಿಳಿನಲ್ಲಿ, "ವಿಡುಂಗಪ್ಪಾ, ಆನ್‌ಲೈನ್‌ನಲ್ಲಿ ಚೆಂದ ಚೆಂದ ಬೇಬಿ ಬ್ಲ್ಯಾಂಕೆಟ್ ಸಿಗ್ತಾವ, ಬಿಟ್ಟುಬಿಡ್ರಿ" ಎಂದಳು. ಹಾಗೆಂದವಳು, ತಾನು ಕೂಸಾಗಿದ್ದಾಗ ಅವ್ವ ಹೊಲಿದುಕೊಟ್ಟ ಕೌದಿಯ ಅಳಿದುಳಿದ ತುಂಡನ್ನು ಇಂದಿಗೂ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾಳೆ. ಆ ರಾತ್ರಿ ಸುವರ್ಣಮ್ಮ ಅದನ್ನು ನೋಡಿದಳು. ಆ ದಿನದಿಂದ ನಮ್ಮ ಮನೆಯಲ್ಲಿ ತಮ್ಮ ವೀಡಿಯೊಗಳ ಸದ್ದು ನಿಂತಿತು.

ಇಲ್ಲಿಂದ ಮುಂದೆ ತಮ್ಮ ಕಲೆಯ ನಿಜವಾದ ಮಹಿಮೆ ಆರಂಭವಾಗುತ್ತದೆ. ಅಷ್ಟು ಬೇಗ ಹುಟ್ಟಿದ ಉಡುಗೊರೆಯನ್ನು ಯಾರೂ ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ ಎಂಬ ಅದ್ಭುತ ಗುಣವನ್ನು ತಾವು ಅದರಲ್ಲಿ ಹೊಲಿದಿಟ್ಟಿದ್ದೀರಿ. ಮೇಲಿನ ಮಹಡಿಯ ರಂಜನಿಯವರು ನವರಾತ್ರಿಯಲ್ಲಿ ಸಿಕ್ಕ ಚೀಲವನ್ನು ತಿರುವೊಟ್ಟಿಯೂರಿನ ನಾದಿನಿಗೆ ಕೊಟ್ಟರು. ಆ ನಾದಿನಿ ತನ್ನ ಗೃಹಪ್ರವೇಶಕ್ಕೆ ಬಂದವರಿಗೆ ಕೊಟ್ಟ ತಾಂಬೂಲದಲ್ಲಿ ಅದನ್ನು ಸೇರಿಸಿದರು. ಆ ತಾಂಬೂಲ ಹಿಡಿದು ಮನೆಗೆ ಬಂದವಳು ಸುವರ್ಣಮ್ಮ. "ಅಯ್ಯ ಶಿವನ, ಇದು ನಮ್ದ ಅಲ್ಲೇನ್ರೀ!" ಎಂದು ಅವಳು ನಡುಮನೆಯಲ್ಲೇ ಕುಳಿತುಬಿಟ್ಟಳು. ಆಮೇಲೆ ನಾವಿಬ್ಬರೂ ಕರೆದ ಸೀಮಂತಕ್ಕೆ, ಕರೆಯದ ಷಷ್ಟ್ಯಬ್ದಿಗೆ, ಗಂಡು ಯಾರು ಹೆಣ್ಣು ಯಾರು ಎಂದು ತಿಳಿಯದ ನಿಶ್ಚಿತಾರ್ಥಕ್ಕೆ ಹೋದೆವು. ಊಟಕ್ಕೆ ಕೂರದೆ ತಾಂಬೂಲದ ಚೀಲವನ್ನು ಮಾತ್ರ ಬೇಡಿ ಪಡೆದೆವು. ಹೀಗೆ ಬಾರದವನ್ನು ಸುವರ್ಣಮ್ಮ ಮನೆಮನೆಗೆ ಹೋಗಿ, ನಾಚಿಕೆ ಬಿಟ್ಟು, ಕೊಟ್ಟದ್ದನ್ನು ವಾಪಸು ಕೇಳಿ ತಂದಳು. ಅಷ್ಟೂ ತುಂಡುಗಳನ್ನು ಅವಳೇ ಬಿಚ್ಚಿದಳು. ಅದಕ್ಕೆ ಕಷ್ಟಪಡಬೇಕಾಗಲಿಲ್ಲ, ತಮ್ಮ ಹೊಲಿಗೆ ಒಂದು ಎಳೆ ಹಿಡಿದೆಳೆದರೆ ತಾನಾಗಿ ಬಿಟ್ಟುಕೊಡುವಷ್ಟು ಉದಾರವಾದದ್ದು. ಅವನ್ನೆಲ್ಲ ಜೋಡಿಸಿ ಅವಳು ಮತ್ತೆ ಕೌದಿ ಮಾಡಿದ್ದಾಳೆ, ಕೈಯಿಂದಲೇ, ತಿಂಗಳುಗಟ್ಟಲೆ ಕೂತು. ಅಷ್ಟರಲ್ಲಿ ಎಷ್ಟು ಸೀಟಿ ಆಗಿರಬಹುದೆಂದು ನಾನು ಎಣಿಸಿಲ್ಲ. ಬೇಳೆಯಂತೂ ಈಗ ಚೆನ್ನಾಗಿ ಬೇಯುತ್ತಿದೆ.

ಮೊಮ್ಮಗಳು ಹುಟ್ಟಿದ್ದಾಳೆ. ಬರುವ ಸೋಮವಾರ ತೊಟ್ಟಿಲಿಗೆ ಹಾಕುತ್ತೇವೆ. ಆದರೆ ಕೌದಿಯ ಒಂದು ಮೂಲೆ ತೆರೆದೇ ಇದೆ. ಅಲ್ಲಿಗೆ ಬೇಕಾದದ್ದು ಸೆರಗಿನ ತುಂಡು, ಬಿಳಿ ತೆನೆಗಳಿರುವ ಕೆಂಪು ಸೆರಗು. ಅದನ್ನು ಸುವರ್ಣಮ್ಮ ಅತ್ಯಂತ ಗೌರವದಿಂದ ಗುರುಕಾಣಿಕೆಯೆಂದು ಕೊರಿಯರಿನಲ್ಲಿ ಕಳಿಸಿದ್ದು ತಮಗೇ, ಮತ್ತು ತಾವು ಅದಕ್ಕೆ ಮೂರು ಹೃದಯದ ಚಿತ್ರಗಳನ್ನು ಉತ್ತರವಾಗಿ ಕಳಿಸಿದ್ದಿರಿ. ಅದನ್ನು ವಾಪಸು ಕೇಳಿ ನಾವು ಕಳಿಸಿದ ಸಂದೇಶಗಳಿಗೂ ತಾವು ತಪ್ಪದೆ ಹೃದಯವನ್ನೇ ಕಳಿಸುತ್ತಿದ್ದೀರಿ. ತಮ್ಮ ಹೃದಯಗಳನ್ನು ಜೋಡಿಸಿಯೂ ಒಂದು ಕೌದಿ ಮಾಡಬಹುದಾಗಿತ್ತು, ಆದರೆ ಅವು ಇನ್ನೂ ಯಾರೂ ಉಟ್ಟು ಮೆತ್ತಗಾದವಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಕತ್ತರಿಸಿದ ಸೀರೆಯನ್ನು ಮೂರು ಸೀಟಿಯೊಳಗೆ ಮತ್ತೆ ಇಡಿಯಾಗಿಸುವ ವಿಧಾನವನ್ನು ಮುಂದಿನ ವೀಡಿಯೊದಲ್ಲಿ ತೋರಿಸಬೇಕು. ಅದು ಸಾಧ್ಯವಾಗದಿದ್ದರೆ ಚಿಂದಿಯ ಗಂಟುಗಳಿಗೆ ಬಾಯಿ ಬರುವಂತೆ ಮಾಡಿ, ಕತ್ತರಿ ಹತ್ತಿರ ಬಂದಾಗ ಒಳಗಿನ ಬಟ್ಟೆ ಯಾರ ಮೈಮೇಲಿತ್ತೆಂದು ಅವೇ ಹೇಳುವ ವ್ಯವಸ್ಥೆಯಾಗಬೇಕು. ಅದೂ ಆಗದಿದ್ದರೆ, ಆ ತುಂಡನ್ನು ಶನಿವಾರದೊಳಗೆ ಕೊರಿಯರಿಗೆ ಹಾಕಬೇಕು. ಸಕ್ಕರೆಯನ್ನು ಸಣ್ಣ ಬಟ್ಟಲಿನಲ್ಲಿ ತೆಗೆದಿಟ್ಟಿದ್ದೇವೆ. ಇರುವೆಗಳು ಬರುತ್ತಿವೆ.

ಅಂದಿನ ಅರೆಬೆಂದ ಬೇಳೆಯ ಮೇಲಾಣೆ, ತಮ್ಮ ವಿಶ್ವಾಸಿ,
ಗುರುಬಸಪ್ಪ
ಅಡ್ಯಾರ್, ಚೆನ್ನೈ

ತಾ.ಕ.: ತಮ್ಮ ಇತ್ತೀಚಿನ ವೀಡಿಯೊವನ್ನು ಸುವರ್ಣಮ್ಮ ನಿಲ್ಲಿಸಿ ನಿಲ್ಲಿಸಿ ನೋಡಿದಳು. ತಮ್ಮ ಸುಪ್ರಸಿದ್ಧ ಕುಕ್ಕರ್, ಮೂರನೆಯ ಸೀಟಿ ಮುಗಿಸಿ ಒಲೆಯಿಂದ ಇಳಿದು ಕೂತದ್ದು ಅದೇ ಕೆಂಪು ಸೆರಗಿನ ಮೇಲೆ. ನಮ್ಮ ಅವ್ವ ಬಹಳ ಬಿಸಿ ತಡೆದುಕೊಂಡವಳು, ಅದರ ಬಗ್ಗೆ ತಾವು ಚಿಂತಿಸಬೇಡಿ, ಕುಕ್ಕರನ್ನು ಕೆಳಗಿಳಿಸಿದರೆ ಸಾಕು. ಕಲೆ ಬಿದ್ದಿದ್ದರೂ ಹಾಗೆಯೇ ಕಳಿಸಿ, ದಯವಿಟ್ಟು ಒಗೆಯಬೇಡಿ. ಒಗೆಯುವುದನ್ನೂ ತಾವು ಮೂರೇ ಸೀಟಿಯಲ್ಲಿ ಮುಗಿಸಿಬಿಡುತ್ತೀರೆಂದು ನಮಗೆ ಭಯ.